ಕಾರವಾರದ ಕಡಲತೀರ ಸ್ವಚ್ಛ ಮಾಡಬೇಕಾ? ಮೊದಲು ಟ್ರ್ಯಾಕ್ಟರ್ ಗೊತ್ತು ಮಾಡಿ

ಕಾರವಾರದಲ್ಲಿ ಬೀಚ್ ಸ್ವಚ್ಛತೆಗೆ ಜನ ಬರುವುದಿಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ ನೋಡಿ. ಕಾಲೇಜಿನ ಎನ್‌ಎಸ್‌ಎಸ್ ಹುಡುಗರು, ಬೆಳಿಗ್ಗೆ ವಾಕಿಂಗ್‌ಗೆ ಬರುವವರು, ಬ್ಯಾಂಕಿನವರು, ಮಾಸ್ತರರು, ಎಲ್ಲರೂ ಬರುತ್ತಾರೆ. ಒಂದೆರಡು ತಾಸು ಬಗ್ಗಿ ಬಗ್ಗಿ ಕಸ ಹೆಕ್ಕಿ, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು, ಚೀಲಗಳನ್ನು ಗಾಳಿಮರದ ಬುಡಕ್ಕೆ ಒರಗಿಸಿಟ್ಟು ಮನೆಗೆ ಹೋಗುತ್ತಾರೆ. ಎಡವಟ್ಟು ಆಗುವುದು ಅಲ್ಲೇ. ರಾತ್ರಿ ನಾಯಿಗಳು ಚೀಲ ಹರಿಯುತ್ತವೆ, ಬೆಳಿಗ್ಗೆ ದನ ಬಂದು ಬಾಯಿ ಹಾಕುತ್ತವೆ, ಎರಡು ದಿನ ಬಿಟ್ಟು ನೋಡಿದರೆ ಅದೇ ಕಸ ಅದೇ ಮರಳಿನ ಮೇಲೆ.

ಹಾಗಾಗಿ ಇದನ್ನು ಹಿಂದಿನಿಂದ ಮುಂದಕ್ಕೆ ಬರೆಯುತ್ತಿದ್ದೇನೆ. ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲು ತೀರ್ಮಾನವಾಗಲಿ. ಯಾರು ಹೆಕ್ಕುತ್ತಾರೆ ಅನ್ನುವುದು ಆಮೇಲೆ. ಬ್ಯಾನರ್ ಬೇಡವೇ ಬೇಡ. ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳಿಗೆ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಆದರೂ ಪ್ಲಾಸ್ಟಿಕ್ ವಿರೋಧಿ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಕಟ್ಟುವವರು ಇನ್ನೂ ಇದ್ದಾರೆ.

ಜಾಗ ಯಾರದ್ದು, ಅರ್ಜಿ ಯಾರಿಗೆ

ಟ್ಯಾಗೋರ್ ಬೀಚ್, ಕೋಡಿಬಾಗ, ಬೈತಖೋಲ ಕಡೆಗೆ ಕಸದ ಗಾಡಿ ಕಳಿಸಬೇಕಾದವರು ನಗರಸಭೆಯವರು. ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಕಾಲಿಟ್ಟರೆ ನಗರಸಭೆ ವ್ಯಾಪ್ತಿ ಮುಗಿಯಿತು, ಅಲ್ಲಿಂದ ಮುಂದೆ ಪಂಚಾಯಿತಿ. ಮಾಜಾಳಿಯೂ ಹಾಗೇ. ನಗರಸಭೆಗೆ ಅರ್ಜಿ ಕೊಟ್ಟು ಮಾಜಾಳಿಯಲ್ಲಿ ಗಾಡಿ ಕಾಯುತ್ತ ಕೂತರೆ ಸಂಜೆಯಾದರೂ ಯಾರೂ ಬರುವುದಿಲ್ಲ. ಅರಗಾ ಕಡೆ ನೌಕಾನೆಲೆಯ ಜಾಗ, ಆ ಯೋಚನೆ ಬಿಟ್ಟುಬಿಡಿ. ಗುಂಪಿನಲ್ಲಿ ಯಾರಾದರೂ ಉತ್ಸಾಹಿ ಡ್ರೋನ್ ತರುತ್ತೇನೆ ಅಂದರೆ ಅದಕ್ಕೂ ಬೇಡ ಅನ್ನಿ. ನೌಕಾನೆಲೆ ಪಕ್ಕದ ಊರಿದು, ಸುಮ್ನೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವುದು ಯಾಕೆ?

ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮವಾದರೆ ಕನಿಷ್ಠ 3 ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಅಲ್ಲಿ ಹುಟ್ಟುವ ಕಸವನ್ನು ಬೇರ್ಪಡಿಸಿ ಒಪ್ಪಿಸುವುದು ಸಂಘಟಕರದ್ದೇ ಜವಾಬ್ದಾರಿ ಅಂತ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇದೆ. ಇದು ಬೀಚ್ ಸ್ವಚ್ಛತೆಗೆ ಮಾತ್ರ ಅಲ್ಲ, ಬೀಚಿನಲ್ಲಿ ನಡೆಯುವ ಮ್ಯಾರಥಾನ್, ಮದುವೆ, ಗಾಳಿಪಟದ ಸ್ಪರ್ಧೆ ಎಲ್ಲದಕ್ಕೂ. ನೀವು ಇಪ್ಪತ್ತೇ ಜನ ಇದ್ದರೂ ಒಂದು ಅರ್ಜಿ ಕೊಡುವುದು ಒಳ್ಳೆಯದು. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು ಹಾಕಿಸಿ ವಾಪಸ್ ತನ್ನಿ. ಪೌರಾಯುಕ್ತರ ಹೆಸರಿಗೆ ಬರೆದರೂ ಕೆಲಸ ಆಗುವುದು ಆರೋಗ್ಯ ನಿರೀಕ್ಷಕರ ಮೇಜಿನ ಮೇಲೆ. ಅವರನ್ನೇ ಹೋಗಿ ನೋಡಿ. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಡ್ರೈವರ್ ನಂಬರ್ ಏನು ಅಂತ ಕೇಳಿ ಬರೆದುಕೊಳ್ಳಿ. 'ಕಳಿಸ್ತೀವಿ ಬಿಡಿ' ಅನ್ನುವ ಮಾತಿಗೆ ಎದ್ದು ಬರಬೇಡಿ. ಹಿಂದಿನ ದಿನ ಸಂಜೆ ಡ್ರೈವರ್‌ಗೇ ಒಂದು ಫೋನ್ ಮಾಡಿ. ಅವರಿಗೆ ಬೆಳಿಗ್ಗೆ ಚಹಾ, ತಿಂಡಿ ನಿಮ್ಮ ಲೆಕ್ಕದಲ್ಲೇ ಇರಲಿ.

ಟ್ರ್ಯಾಕ್ಟರ್ ಮರಳಿಗೆ ಇಳಿಸಬೇಡಿ. ಒಂದು, ಹೂತುಹೋಗುತ್ತದೆ. ಎರಡು, ಆಮೆ ಮೊಟ್ಟೆಯ ವಿಷಯ ಇದೆ, ಅದಕ್ಕೆ ಮುಂದೆ ಬರುತ್ತೇನೆ. ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ ಅಂದರೆ ಚೀಲ ಅಲ್ಲಿಯವರೆಗೆ ಹೊರಬೇಕು. ಒದ್ದೆ ಮರಳು ಸೇರಿದ ಚೀಲದ ಭಾರ ಹೊತ್ತವರಿಗೇ ಗೊತ್ತು. ಅದಕ್ಕೇ ಇಡೀ ಬೀಚ್ ಮಾಡುತ್ತೇವೆ ಅಂತ ಹೊರಡಬೇಡಿ. ಗಾಡಿ ನಿಲ್ಲುವ ಜಾಗದ ಎಡಕ್ಕೆ ಇನ್ನೂರು ಮೀಟರ್, ಬಲಕ್ಕೆ ಇನ್ನೂರು ಮೀಟರ್, ಅಷ್ಟು ಸಾಕು.

ದಿನ, ಹೊತ್ತು, ಭರತಿ

ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಅಂತಾರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ. ಆ ದಿನ ಇಲಾಖೆಗಳು, ಕೋಸ್ಟ್ ಗಾರ್ಡ್, ಶಾಲೆಗಳು ಎಲ್ಲ ತಾವಾಗೇ ಬೀಚಿಗೆ ಬಂದಿರುತ್ತವೆ, ಕೈಗವಸು, ಚೀಲ ಕೂಡ ಸಿಗುತ್ತವೆ. ಮೊದಲ ಸಲ ಮಾಡುವವರು ಆ ದಿನ ಅವರ ಜೊತೆ ಸೇರಿ ನೋಡಿ ಕಲಿಯಬಹುದು. ಆದರೆ ನನ್ನ ಮಟ್ಟಿಗೆ ನಿಜವಾದ ಕೆಲಸದ ಕಾಲ ಮಳೆ ಹಿಂದೆ ಸರಿದ ಮೇಲಿನದು, ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಯವರೆಗೆ. ಕಾಳಿ ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು ದಾಟಿ 184 ಕಿ.ಮೀ. ಹರಿದು ಇಲ್ಲಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ದಡದ ಊರುಗಳ ಕಸ, ಮರದ ದಿಮ್ಮಿ, ಥರ್ಮಾಕೋಲ್ ಎಲ್ಲ ಹೊತ್ತು ತಂದು ನಮ್ಮ ಮುಂದೆ ಸುರಿಯುತ್ತದೆ. ಜೂನ್, ಜುಲೈನಲ್ಲಿ ಮಾತ್ರ ಬೇಡ. ತೆರೆ ಗಾಳಿಮರದವರೆಗೂ ಬರುವ ದಿನಗಳವು, ಮಕ್ಕಳನ್ನು ನೀರಿನ ಹತ್ತಿರ ಬಿಡುವ ಹಾಗಿಲ್ಲ.

ದಿನಕ್ಕೆ ಎರಡು ಭರತಿ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇಳಿತದ ಹೊತ್ತಿಗೆ ಎರಡು ತಾಸು ಮೊದಲು ಶುರು ಮಾಡಿದರೆ ನೀರು ಹಿಂದೆ ಹೋಗುತ್ತಿರುತ್ತದೆ, ನೀವು ಅದರ ಹಿಂದೆ ಹೋಗುತ್ತೀರಿ. ಮೊಬೈಲಿನಲ್ಲಿ ನೋಡಬಹುದು, ಆದರೆ ದೋಣಿ ಹತ್ತಿರ ಕೂತ ಹಿರಿಯರೊಬ್ಬರನ್ನು ಕೇಳಿದರೆ ಗಾಳಿಯ ಲೆಕ್ಕವೂ ಸೇರಿ ಉತ್ತರ ಸಿಗುತ್ತದೆ. ಭಾನುವಾರ ಇಟ್ಟುಕೊಂಡರೆ ಒಂಬತ್ತು ಗಂಟೆಯೊಳಗೆ ಮುಗಿಸಿ. ಆ ದಿನ ಕಾರವಾರದ ಸಂತೆ, ಜನ ತರಕಾರಿ ಚೀಲ ಹಿಡಿದು ಆ ಕಡೆ ಹೊರಡುತ್ತಾರೆ.

ಮೀನುಗಾರರನ್ನು ಬಿಟ್ಟು ಮಾಡಬೇಡಿ

ಬೀಚ್ ನಮಗೆ ಭಾನುವಾರದ ಜಾಗ, ಅವರಿಗೆ ದಿನದ ಕೆಲಸದ ಜಾಗ. ದೋಣಿ ಎಲ್ಲಿ ಎಳೆಯುತ್ತಾರೆ, ಏಂಡಿ ಬಲೆ ಯಾವ ಹೊತ್ತಿಗೆ ದಡಕ್ಕೆ ಎಳೆಯುತ್ತಾರೆ, ಯಾವ ಹಗ್ಗ ಕಸ, ಯಾವುದು ನಾಳೆಗೆ ಬೇಕಾದದ್ದು, ಇದೆಲ್ಲ ಅವರಿಗೆ ಮಾತ್ರ ಗೊತ್ತು. ಕಸ ಅಂದುಕೊಂಡು ಯಾರದೋ ಬಲೆ ಕತ್ತರಿಸಿ ಚೀಲಕ್ಕೆ ತುಂಬಿದರೆ ಆ ಕೇರಿಗೆ ನೀವು ಮತ್ತೆ ಹೋಗುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದೆ, ಆಗ ಎಲ್ಲರೂ ದಡದಲ್ಲೇ ಬಲೆ ಸರಿಮಾಡುತ್ತ ಸಿಗುತ್ತಾರೆ. ಮಾತುಕತೆಗೆ ಅದು ಒಳ್ಳೆಯ ಸಮಯ. ಭಾಷಣ ಮಾಡಬೇಡಿ. ಹರಿದ ಬಲೆ ಹಾಕಲು ಒಂದು ಡ್ರಮ್ಮೋ ಮೂಲೆಯೋ ಎಲ್ಲಿ ಇಟ್ಟರೆ ಅನುಕೂಲ ಅಂತ ಕೇಳಿ, ಅಷ್ಟೇ. ಬೈತಖೋಲದಂಥ ಬಂದರು ಜಾಗದಲ್ಲಿ ಇದೊಂದು ಆದರೂ ನಾಲ್ಕು ಸ್ವಚ್ಛತಾ ಅಭಿಯಾನಕ್ಕಿಂತ ಜಾಸ್ತಿ ಕೆಲಸ ಆದ ಹಾಗೆ.

ಸಾಮಾನು

ಕಪ್ಪು ಪ್ಲಾಸ್ಟಿಕ್ ಚೀಲ ಕೊಳ್ಳಬೇಡಿ, ಮರಳಿನ ಭಾರಕ್ಕೆ ಹರಿಯುತ್ತದೆ. ಹಳೆ ಸಿಮೆಂಟ್ ಚೀಲ, ಅಕ್ಕಿ ಚೀಲ ಅಂಗಡಿಗಳಲ್ಲಿ ಸಿಗುತ್ತವೆ. ತೆಳು ಕೈಗವಸು ಬೇಡ, ಗಾರೆ ಕೆಲಸದವರು ಹಾಕುವ ದಪ್ಪದ್ದು ತನ್ನಿ, ಯಾಕೆಂದರೆ ನಮ್ಮ ಬೀಚುಗಳ ದೊಡ್ಡ ಶತ್ರು ಪ್ಲಾಸ್ಟಿಕ್ ಅಲ್ಲ, ಒಡೆದ ಬಾಟಲಿ. ಗೋವಾ ಗಡಿ ಇಷ್ಟು ಹತ್ತಿರ ಇರುವುದರ ಫಲ, ಇನ್ನೇನು ಹೇಳುವುದು. ಗಾಜಿಗೆ, ಸಿರಿಂಜಿಗೆ ಒಂದು ತಗಡಿನ ಡಬ್ಬಿ ಬೇರೆ ಇರಲಿ, ಅದನ್ನು ದೊಡ್ಡವರೊಬ್ಬರೇ ಹಿಡಿಯಲಿ, ಇಕ್ಕಳದಿಂದ ಎತ್ತಲಿ. ತೂತಿರುವ ಹಳೆ ಬುಟ್ಟಿ ಒಂದೆರಡು ಬೇಕೇ ಬೇಕು. ಮುಚ್ಚಳ, ಗುಟ್ಕಾ ಚೀಟಿ, ಸ್ಟ್ರಾ ತುಂಡು ಇಂಥವನ್ನು ಮರಳಿನ ಸಮೇತ ಬುಟ್ಟಿಗೆ ಹಾಕಿ ಅಲ್ಲಾಡಿಸಿದರೆ ಮರಳು ಕೆಳಗೆ ಉದುರುತ್ತದೆ, ಕಸ ಉಳಿಯುತ್ತದೆ.

ಕಾಲಿಗೆ ಶೂ. ಚಪ್ಪಲಿ ಅಲ್ಲ. ಊರಿನ ನಾಲಾಗಳು ಸಮುದ್ರ ಸೇರುವ ಬಾಯಿಗಳ ಹತ್ತಿರ ಗಾಯ ಇರುವ ಕಾಲಿನಲ್ಲಿ ಯಾರೂ ಇಳಿಯಬಾರದು, ಇಲಿ ಜ್ವರ ಕರಾವಳಿಗೆ ಹೊಸದೇನಲ್ಲ.

ತಿಂಡಿಗೆ ಬನ್ಸ್ ಭಾಜಿ ಇರಲಿ, ಆದರೆ ಸ್ಟೀಲ್ ತಟ್ಟೆಯಲ್ಲಿ. ಅಡುಗೆ ಗುತ್ತಿಗೆಯವರು ತಟ್ಟೆ ಲೋಟ ಬಾಡಿಗೆಗೆ ಕೊಡುತ್ತಾರೆ. ನೀರಿಗೆ ಕ್ಯಾನ್ ಇಡಿ, ಇನ್ನೊಂದು ಕ್ಯಾನಿನಲ್ಲಿ ಕೋಕಂ ಶರಬತ್ತು ಮಾಡಿಡಿ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಅಲಂಕಾರದ ಥರ್ಮಾಕೋಲ್‌ಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ.

ಹೆಕ್ಕುವಾಗ

ಎಲ್ಲರೂ ಎಲ್ಲವನ್ನೂ ಹೆಕ್ಕಿ ಒಂದೇ ಚೀಲಕ್ಕೆ ಹಾಕಿದರೆ ಆ ಚೀಲ ಯಾರಿಗೂ ಬೇಡ. ನಾಲ್ಕೈದು ಜನರ ಗುಂಪು ಮಾಡಿ. ಒಂದು ಚೀಲ ಬಾಟಲಿ ಮತ್ತು ಗಟ್ಟಿ ಪ್ಲಾಸ್ಟಿಕ್‌ಗೆ, ಒಂದು ಕವರ್ ಮತ್ತು ಚೀಟಿಗಳಿಗೆ, ಒಂದು ಚಪ್ಪಲಿ, ಥರ್ಮಾಕೋಲ್, ಬಟ್ಟೆಗೆ. ಪ್ಯಾಡ್, ಡೈಪರ್ ಸಿಕ್ಕರೆ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಬಾಟಲಿಯೊಳಗಿನ ನೀರು, ಮರಳು ಅಲ್ಲೇ ಚೆಲ್ಲಿ, ಮುಚ್ಚಳ ತೆಗೆದಿಡಿ. ಗುಜರಿಯವರು ಮರಳು ತುಂಬಿದ ಮಾಲು ಮುಟ್ಟುವುದಿಲ್ಲ, ಒಣಗಿಸಿ ಕೊಟ್ಟರೆ ಬೇಡ ಅನ್ನುವುದಿಲ್ಲ.

ಹೂತ ಬಲೆ ಸಿಗುತ್ತದೆ, ಸಿಕ್ಕೇ ಸಿಗುತ್ತದೆ. ಮರಳಿನಿಂದ ಒಂದು ಗೇಣು ಹಸಿರು ದಾರ ಹೊರಗೆ ಕಾಣುತ್ತದೆ, ಹುಡುಗರು ಆರು ಜನ ಸೇರಿ ಜಗ್ಗುತ್ತಾರೆ, ಅದು ಬರುವುದಿಲ್ಲ. ಜಗ್ಗಿದಷ್ಟೂ ಬಲೆ ಬಿಗಿಯಾಗುತ್ತದೆ, ಒಳಗೆ ತುಂಬಿದ ಒದ್ದೆ ಮರಳು ಕಲ್ಲಿನ ಹಾಗೆ ಕೂತಿರುತ್ತದೆ. ಕೈಯಿಂದ ಅಥವಾ ಸಣ್ಣ ಗುದ್ದಲಿಯಿಂದ ಸುತ್ತಲೂ ಬಿಡಿಸಿ, ಕಂಡಷ್ಟು ಭಾಗವನ್ನು ಮಡಚಿ, ಚೂಪು ಕತ್ತಿಯಿಂದ ಕತ್ತರಿಸಿ ತೆಗೆಯಿರಿ, ಮತ್ತೆ ಬಿಡಿಸಿ, ಮತ್ತೆ ಕತ್ತರಿಸಿ. ಒಳಗೆ ಏಡಿ ಜೀವಂತ ಸಿಕ್ಕಿಕೊಂಡಿರುವುದೂ ಉಂಟು. ಅದನ್ನು ಬಿಡಿಸಲು ಅವಸರ ಬೇಡ, ದಾರವನ್ನೇ ಸುತ್ತಲೂ ಕತ್ತರಿಸಿ ನೀರಿನ ಹತ್ತಿರ ಬಿಟ್ಟರೆ ಉಳಿದದ್ದನ್ನು ನಿಧಾನ ತೆಗೆಯಬಹುದು. ಇಡೀ ಬಲೆ ಒಂದೇ ದಿನ ಬರದಿದ್ದರೂ ಪರವಾಗಿಲ್ಲ, ಆದರೆ ಅರ್ಧ ತೆಗೆದ ತುದಿಯನ್ನು ನೀರಿಗೆ ಬಿಡಬೇಡಿ, ತೆರೆ ಎಳೆದುಕೊಂಡು ಹೋಗಿ ಆಮೆ, ಮೀನಿಗೆ ಉರುಳು ಮಾಡುತ್ತದೆ.

ಒಣಗಿದ ಪಾಚಿ, ಕಪ್ಪೆಚಿಪ್ಪು, ಮರದ ತುಂಡು, ನೇರಳೆ ಹೂ ಬಿಟ್ಟು ಮರಳ ಮೇಲೆ ಹಬ್ಬುವ ಬಳ್ಳಿ, ಇವು ಯಾವುವೂ ಕಸ ಅಲ್ಲ. ಆ ಬಳ್ಳಿಯೇ ಮರಳನ್ನು ಹಿಡಿದಿಡುವುದು. ನೀಟಾಗಿ ಕಾಣಲಿ ಅಂತ ಅದನ್ನು ಕಿತ್ತು ಗುಡಿಸಿದರೆ ಮುಂದಿನ ಮಳೆಗಾಲದಲ್ಲಿ ಮರಳೇ ಇರುವುದಿಲ್ಲ.

ಆಮೆ ಮತ್ತು ಡಾಂಬರು ಉಂಡೆ

ಚಳಿ ಶುರುವಾದ ಮೇಲೆ, ಸುಮಾರು ನವೆಂಬರಿನಿಂದ ಮಾರ್ಚ್-ಏಪ್ರಿಲ್‌ವರೆಗೆ, ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ದಡ ಹತ್ತಿ ಮೊಟ್ಟೆ ಇಡುತ್ತವೆ. ದೇವಬಾಗ, ಮಾಜಾಳಿ ಕಡೆಯಿಂದ ಹೊನ್ನಾವರದ ಕಾಸರಕೋಡದವರೆಗೆ ಗೂಡುಗಳು ಸಿಗುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಬರಲು 45ರಿಂದ 60 ದಿನ. ಭರತಿ ಗೆರೆಯ ಮೇಲೆ, ಟ್ರ್ಯಾಕ್ಟರ್ ಚಕ್ರದ ಗುರುತಿನಂಥ ಎರಡು ಸಾಲು ನೀರಿನಿಂದ ಬಂದು ವಾಪಸ್ ಹೋಗಿದ್ದರೆ ಅಲ್ಲಿ ಗುದ್ದಲಿ ಹಾಕಬೇಡಿ, ಸುತ್ತ ನಿಂತು ಸೆಲ್ಫಿ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅವರು ಬಂದು ಬೇಲಿ ಹಾಕುತ್ತಾರೆ. ಸತ್ತ ಆಮೆ, ಡಾಲ್ಫಿನ್ ಸಿಕ್ಕರೂ ಅದೇ ನಂಬರ್. ಹೂತು ಹಾಕಿ ಕೈತೊಳೆದುಕೊಳ್ಳಬೇಡಿ, ಹೇಗೆ ಸತ್ತಿತು ಅಂತ ಅವರು ನೋಡಬೇಕಾಗುತ್ತದೆ. ಈ ತಿಂಗಳುಗಳಲ್ಲಿ ಜೆಸಿಬಿ ತರಿಸಿ ಮರಳು ಸಮ ಮಾಡಿಸುವ ದೊಡ್ಡ ಮನಸ್ಸಿನವರನ್ನು ದಯವಿಟ್ಟು ತಡೆಯಿರಿ.

ಮಳೆಗಾಲದ ಆಚೀಚೆ ಕೆಲವೊಮ್ಮೆ ಡಾಂಬರಿನಂಥ ಕಪ್ಪು ಉಂಡೆಗಳು ತೀರಕ್ಕೆ ಬರುತ್ತವೆ. ಸಮುದ್ರದಲ್ಲಿ ಚೆಲ್ಲಿದ ಎಣ್ಣೆ ಗಟ್ಟಿಯಾಗಿ ಬರುವುದು ಅದು. ಶಾಲೆ ಮಕ್ಕಳ ಕೈಯಲ್ಲಿ ಹೆಕ್ಕಿಸಬೇಡಿ. ಕಾಲಿಗೆ ಅಂಟಿದರೆ ಸೀಮೆಎಣ್ಣೆ ಹಾಕದೆ ತೆಂಗಿನೆಣ್ಣೆ ತಿಕ್ಕಿ, ಆಮೇಲೆ ಸಾಬೂನು. ಜಾಸ್ತಿ ಬಂದಿದ್ದರೆ ಕಾರವಾರದಲ್ಲೇ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಇದೆ, ಫೋಟೋ ಸಮೇತ ತಿಳಿಸಿ.

ಇನ್ನು ಕೂರ್ಮಗಡಕ್ಕೆ ಹೋಗಿ ದ್ವೀಪ ಸ್ವಚ್ಛ ಮಾಡುತ್ತೇವೆ ಅನ್ನುವ ಗುಂಪುಗಳಿವೆ. ಒಳ್ಳೆಯದೇ. ಆದರೆ ಒಬ್ಬೊಬ್ಬರಿಗೂ ಲೈಫ್ ಜಾಕೆಟ್ ಇಲ್ಲದೆ, ಲೆಕ್ಕಕ್ಕಿಂತ ಒಬ್ಬರು ಜಾಸ್ತಿ ಆದರೂ, ದೋಣಿ ಹತ್ತಬೇಡಿ. 2019ರ ಜನವರಿ 21ರಂದು ಆ ದ್ವೀಪದ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿದ್ದನ್ನು ಕಾರವಾರದವರಿಗೆ ನೆನಪಿಸಬೇಕಾಗಿಲ್ಲ, ಹೊರಗಿನಿಂದ ಬಂದವರಿಗೆ ನೀವೇ ಹೇಳಿ.

ಗಿಡ ನೆಡುವವರಿಗೆ, ಹಬ್ಬ ಮಾಡುವವರಿಗೆ

ಜುಲೈ ಮೊದಲ ವಾರ ವನಮಹೋತ್ಸವ. ತೀರದಲ್ಲಿ ನೆಡುವುದಾದರೆ ಸುರಹೊನ್ನೆ, ಹೊಂಗೆ ಕೇಳಿ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಗಾಳಿಮರ ಈಗಾಗಲೇ ಬೇಕಾದಷ್ಟಿದೆ. ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಹುಮ್ಮಸ್ಸು ಈಚೆಗೆ ಜಾಸ್ತಿಯಾಗಿದೆ. ಅದನ್ನು ಇಲಾಖೆಯವರ ಜೊತೆಗೇ ಮಾಡಿ, ಯಾಕೆಂದರೆ ಎಲ್ಲ ಕೆಸರೂ ಕಾಂಡ್ಲಾಕ್ಕೆ ಅಲ್ಲ. ಇಳಿತದ ಹೊತ್ತಿಗೆ ಹೆಂಗಸರು ಬಗ್ಗಿ ತಿಸರೆ (ತಿನ್ನುವ ಚಿಪ್ಪುಮೀನು) ಹೆಕ್ಕುವ ಬಯಲು ಇರುತ್ತದಲ್ಲ, ಕುಮಟಾ ಕಡೆ ಬಳಚು ಅನ್ನುತ್ತಾರೆ, ಅಂಥ ಕಡೆ ಸಸಿ ಚುಚ್ಚಿದರೆ ಅವರ ಅನ್ನಕ್ಕೇ ಕಲ್ಲು. ನೆಡುವ ಮೊದಲು ಅಲ್ಲಿ ಯಾರು ಏನು ಹೆಕ್ಕುತ್ತಾರೆ ಅಂತ ಒಂದು ಇಳಿತ ನಿಂತು ನೋಡಿ. ಮಕ್ಕಳಿಗೆ ಕಾಂಡ್ಲಾ ತೋರಿಸುವುದಷ್ಟೇ ಉದ್ದೇಶವಾದರೆ ಕಾಳಿ ನದಿಯ ಬೋರ್ಡ್‌ವಾಕ್ ಇದೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೂ ಇದೆ. ಮೊದಲೇ ಪತ್ರ ಬರೆದು, ಯಾರಾದರೂ ಬಂದು ಮಕ್ಕಳಿಗೆ ವಿವರಿಸುತ್ತಾರಾ ಅಂತ ಕೇಳಿ.

ಚೌತಿಗೆ ಮಣ್ಣಿನ ಗಣಪತಿ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಗಣಪತಿಯ ಮೇಲೆ ಕಟ್ಟುವ ಫಲಾವಳಿಯ ಸೌತೆ, ಅಡಕೆ, ತೆಂಗು, ಮಾವಿನ ಟೊಂಗೆ ವಿಸರ್ಜನೆಯ ದಿನ ಗಣಪತಿ ಜೊತೆ ನೀರಿಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಕು. ತಿನ್ನುವುದನ್ನು ಹಂಚಿ. ಹೂ, ಎಲೆಗೆ ವಿಸರ್ಜನೆಯ ಜಾಗದಲ್ಲಿ ಎರಡು ದೊಡ್ಡ ಬುಟ್ಟಿ ಇಟ್ಟು ಪಕ್ಕದಲ್ಲಿ ಒಬ್ಬರು ನಿಂತರೆ ಸಾಕು, ಬೋರ್ಡ್ ಓದಿ ಹಾಕುವವರು ಕಡಿಮೆ, ಕೈ ಚಾಚಿ ಕೇಳಿದರೆ ಕೊಡದವರು ಇನ್ನೂ ಕಡಿಮೆ. ಮಯೂರವರ್ಮ ವೇದಿಕೆಯಲ್ಲಿ ಕಾರ್ಯಕ್ರಮ ನಡೆದಾಗಲೂ ಇದೇ ಉಪಾಯ ನಡೆಯುತ್ತದೆ: ತಿಂಡಿ ಮಳಿಗೆಗಳ ಸಾಲಿನ ಕೊನೆಗೆ ಬುಟ್ಟಿ, ಬುಟ್ಟಿಯ ಪಕ್ಕ ಮನುಷ್ಯ.

ಶಿರಸಿಯವರು ಇದೆಲ್ಲ ಕರಾವಳಿಯವರ ತಲೆಬಿಸಿ ಅಂದುಕೊಳ್ಳಬೇಡಿ. ಅಘನಾಶಿನಿಯ ಒಂದು ಮೂಲ ಇರುವುದು ನಿಮ್ಮ ಪೇಟೆಯ ಶಂಕರಹೊಂಡದಲ್ಲಿ. ಅಲ್ಲಿ ಗಟಾರಕ್ಕೆ ಬಿದ್ದ ಕವರ್ ಘಟ್ಟ ಇಳಿದು ತದಡಿಯ ಅಳಿವೆಗೆ ಬರುತ್ತದೆ. ಶಂಕರಹೊಂಡದ ಸುತ್ತಲಿನ ಗಟಾರಗಳಿಗೆ ಮಳೆಗಾಲದ ಮುಂಚೆ ಜಾಲರಿ ಹಾಕಿಸಿ ಅಂತ ಶಿರಸಿ ನಗರಸಭೆಗೆ ಅರ್ಜಿ ಕೊಡುವುದು, ಮಾರಿಕಾಂಬಾ ಜಾತ್ರೆಯ ವರ್ಷ ಅಂಗಡಿ ಹರಾಜಿನ ಕರಾರಿನಲ್ಲೇ ಕಸದ ಷರತ್ತು ಸೇರಿಸಿ ಅಂತ ಒತ್ತಾಯಿಸುವುದು, ಇವು ನಿಮ್ಮಿಂದ ಮಾತ್ರ ಆಗುವ ಕೆಲಸ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯವರು ಮರ ಅಪ್ಪಿಕೊಂಡು ಕಾಡು ಕಡಿಯುವುದನ್ನು ತಡೆದ ತಾಲೂಕು ಅದು, ಒಂದು ಜಾಲರಿ ಹಾಕಿಸುವುದು ಅವರಿಗೆ ಕಷ್ಟವಾಗಲಾರದು.

ಮುಗಿದ ಮೇಲೆ

ಟ್ರ್ಯಾಕ್ಟರ್ ಹೊರಡುವ ತನಕ ಇಬ್ಬರು ಅಲ್ಲೇ ಇರಬೇಕು. ಯಾರು ಅನ್ನುವುದನ್ನು ಹಿಂದಿನ ದಿನವೇ ನಿಗದಿ ಮಾಡಿ, ಇಲ್ಲದಿದ್ದರೆ ಬನ್ಸ್ ಮುಗಿದ ಕೂಡಲೇ ಎಲ್ಲರಿಗೂ ಮನೆ ನೆನಪಾಗುತ್ತದೆ. ಚೀಲಗಳನ್ನು ಎಣಿಸಿ, ಯಾವ ಕಸ ಜಾಸ್ತಿ ಅಂತ ಬರೆದಿಡಿ. ಹೆಕ್ಕಿದ ಕಸ ಒಂದು ಮೂಲ ತೋರಿಸುತ್ತಿದ್ದರೆ, ಉದಾಹರಣೆಗೆ ಎಲ್ಲ ಚಹಾ ಲೋಟಗಳೂ ಒಂದೇ ನಾಲಾದ ಬಾಯಿಂದ ಬರುತ್ತಿದ್ದರೆ, ನಿಮ್ಮ ಮುಂದಿನ ಕೆಲಸ ಬೀಚಿನಲ್ಲಿಲ್ಲ, ಆ ನಾಲಾದ ಮೇಲ್ಗಡೆ ಇದೆ. ಅದಕ್ಕೆ 'ಜನಹಿತ' ಆ್ಯಪ್‌ನಲ್ಲಿ ದೂರು ಹಾಕಿ: ಹತ್ತಿರದ ಗುರುತು, ವಾರ್ಡ್, ಹಗಲಿನ ಬೆಳಕಿನ ಒಂದು ಫೋಟೋ, ಎರಡೇ ಸಾಲು. 'ಊರೆಲ್ಲ ಗಲೀಜು' ಅಂತ ಬರೆದರೆ ಅದಕ್ಕೆ ಉತ್ತರ ಇಲ್ಲ, 'ಇಂಥ ಅಂಗಡಿ ಸಾಲಿನ ಹಿಂದಿನ ಗಟಾರಕ್ಕೆ ಮುಚ್ಚಳ ಇಲ್ಲ' ಅಂತ ಬರೆದರೆ ಯಾರಾದರೂ ಬಂದು ನೋಡಲೇಬೇಕು. ದೂರಿನ ನಂಬರ್ ಇಟ್ಟುಕೊಳ್ಳಿ. ಎರಡು ವಾರ ಕಳೆದರೂ ಅಲ್ಲಾಡದಿದ್ದರೆ ಅದೇ ನಂಬರ್ ಹೇಳಿ ಸರ್ಕಾರದ 1902 ಸಹಾಯವಾಣಿಗೆ ಫೋನ್ ಮಾಡಿ, ಜೊತೆಗೆ ಸೀಲು ಬಿದ್ದ ಅರ್ಜಿಯ ಪ್ರತಿ ಹಿಡಿದು ಇನ್ನೊಮ್ಮೆ ನಗರಸಭೆಗೆ ಹೋಗಿ ಬನ್ನಿ. ಹೋಗುವಾಗ ಒಬ್ಬರೇ ಹೋಗಬೇಡಿ, ಆ ವಾರ್ಡಿನವರನ್ನೇ ಇಬ್ಬರನ್ನು ಕರೆದುಕೊಂಡು ಹೋಗಿ.